ಮರಕ್ಕೆ ಯಾವ ಎಣ್ಣೆ? ಅಗಸೆ, ಟಂಗ್, ಗೇರು, ತೆಂಗು, ಮೇಣ: ಕೊಳ್ಳುವ ಮೊದಲು

ತೇಗದ ಬಾಗಿಲು ಕೂರಿಸಿದ ದಿನವೇ ಮನೆಯಲ್ಲಿ ಈ ಚರ್ಚೆ ಶುರುವಾಗುತ್ತದೆ. ಆಚಾರ್ರು ‘ಅಗಸೆ ಎಣ್ಣೆ ಸಾಕು’ ಅಂತಾರೆ. ಪಾಲಿಶ್‌ನವರು ‘ಪಿಯು ಮಾಡಿಸಿಬಿಡಿ ಸಾರ್, ಐದು ವರ್ಷ ತಿರುಗಿ ನೋಡೋದು ಬೇಡ’ ಅಂತಾರೆ. ಬೆಂಗಳೂರಿನಲ್ಲಿರುವ ಮಗಳು ಟಂಗ್ ಆಯಿಲ್ ಆಗಬೇಕು ಅಂತಾಳೆ. ಅಜ್ಜಿಗೆ ತೆಂಗಿನೆಣ್ಣೆ ಇರುವಾಗ ಇದೆಲ್ಲ ಯಾಕೆ ಅನ್ನಿಸುತ್ತದೆ. ಇವರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ. ಒಬ್ಬರ ಮನಸ್ಸಿನಲ್ಲಿರುವುದು ಹೆಬ್ಬಾಗಿಲು, ಇನ್ನೊಬ್ಬರದು ಊಟದ ಮೇಜು, ಅಜ್ಜಿಯದು ಕಡಗೋಲು. ಆದ್ದರಿಂದ ಯಾವ ಎಣ್ಣೆ ಅನ್ನುವುದಕ್ಕಿಂತ ಮೊದಲು ಯಾವ ಸಾಮಾನು, ಅದು ಎಲ್ಲಿ ಇರುತ್ತದೆ, ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿಕೊಳ್ಳಬೇಕು.

ಎಣ್ಣೆಯೇ ಬೇಕೇ ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಪಿಯು (ಪಾಲಿಯುರೆಥೇನ್), ಮೆಲಮೈನ್ ಎಂಬ ಪಾಲಿಶ್‌ಗಳೆಲ್ಲ ಮರದ ಮೇಲೆ ಪದರವಾಗಿ ಕೂರುತ್ತವೆ. ನೀರು ಬೇಗ ತಟ್ಟುವುದಿಲ್ಲ, ಹೊಳಪು ಒಂದೇ ಸಮ ಇರುತ್ತದೆ. ಆದರೆ ಆ ಪದರ ಒಂದು ಕಡೆ ಎದ್ದಿತೆಂದರೆ ಇಡೀ ಹಲಗೆಯನ್ನೇ ಕೆರೆಸಬೇಕಾಗುತ್ತದೆ. ಎಣ್ಣೆ ಮರದೊಳಗೆ ಇಳಿಯುತ್ತದೆ. ಗೀರು ಬಿದ್ದಲ್ಲಿ ಅಷ್ಟನ್ನೇ ಉಜ್ಜಿ ಅಷ್ಟಕ್ಕೇ ಹಚ್ಚಿದರೆ ಮುಗಿಯಿತು. ಅದಕ್ಕೆ ಪಾಲಿಶ್‌ನವರನ್ನು ಕರೆಸಬೇಕಿಲ್ಲ. ಇದಕ್ಕೆ ಪ್ರತಿಯಾಗಿ ಎಣ್ಣೆ ಕೇಳುವುದು ವರ್ಷಕ್ಕೊಂದು ಭಾನುವಾರ. ಆ ಭಾನುವಾರ ನಿಮ್ಮಿಂದ ಆಗದು ಅನ್ನಿಸಿದರೆ ಪಿಯು ಮಾಡಿಸುವುದೇ ಸರಿ.

ಅಳತೆಗೋಲುಗಳು

ಎಲ್ಲಕ್ಕಿಂತ ಮುಖ್ಯವಾದದ್ದು, ಎಣ್ಣೆ ಒಣಗುತ್ತದೋ ಇಲ್ಲವೋ ಎಂಬುದು. ಇಲ್ಲಿ ಒಣಗುವುದೆಂದರೆ ನೀರಿನಂತೆ ಆರಿಹೋಗುವುದಲ್ಲ. ಕೆಲವು ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಮಿಕ್ಕವು ವರ್ಷ ಕಳೆದರೂ ಎಣ್ಣೆಯಾಗಿಯೇ ಉಳಿಯುತ್ತವೆ. ಇದನ್ನು ಅಂದಾಜು ಮಾಡಲು ರಸಾಯನಶಾಸ್ತ್ರದವರು ಅಯೋಡಿನ್ ಮೌಲ್ಯ, ಅಂದರೆ ಎಣ್ಣೆ ಎಷ್ಟು ಅಯೋಡಿನ್ ಹೀರಿಕೊಳ್ಳುತ್ತದೆ ಎಂಬ ಅಂಕಿ, ನೋಡುತ್ತಾರೆ. ತೆಂಗಿನೆಣ್ಣೆಗೆ ಅದು 10ರ ಆಸುಪಾಸು, ಹೊಂಗೆ ಎಣ್ಣೆ ಮತ್ತು ಹರಳೆಣ್ಣೆಗೆ 80–90, ಎಳ್ಳೆಣ್ಣೆಗೆ 110ರ ಸುತ್ತ, ಸೂರ್ಯಕಾಂತಿಗೆ 130, ಕುಸುಬೆಗೆ 145ರ ಹತ್ತಿರ, ಅಗಸೆಗೆ 170ರ ಮೇಲೆ. 130 ದಾಟಿದರೆ ಒಣಗುವ ಆಸೆ ಇಟ್ಟುಕೊಳ್ಳಬಹುದು. 110ರ ಹತ್ತಿರದ್ದು ತಿಂಗಳುಗಟ್ಟಲೆ ಅಂಟಂಟಾಗಿರುತ್ತದೆ. ಅಂಕಿ ನೆನಪಿಡುವ ಗೋಜು ಬೇಡವಾದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ಗಾಜಿನ ಚೂರಿನ ಮೇಲೆ ಎಣ್ಣೆಯನ್ನು ತೆಳ್ಳಗೆ ಸವರಿ ಗಾಳಿಯಾಡುವ ಕಡೆ ಇಟ್ಟುಬಿಡಿ. ವಾರ, ಹತ್ತು ದಿನದಲ್ಲಿ ಉಗುರಿಗೆ ತೊಗಲಿನ ಹಾಗೆ ಸಿಕ್ಕಿದರೆ ಅದು ಮರಕ್ಕೆ ಆಗುವ ಎಣ್ಣೆ. ಅಂಗಡಿಯ ಬಾಟಲಿಯಲ್ಲಿ ಕಲಬೆರಕೆ ಇದೆಯೋ ಎಂಬ ಅನುಮಾನಕ್ಕೂ ಇದೇ ಉತ್ತರ.

ಆಮೇಲೆ ನೀರು ಮತ್ತು ಬಿಸಿಲು. ಕರಾವಳಿ, ಮಲೆನಾಡಿನವರು ಇವೆರಡರ ಜೊತೆಗೆ ಬೂಸ್ಟನ್ನೂ ಸೇರಿಸಿಕೊಳ್ಳಬೇಕು. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿರುವ ಲೇಪ ಆಗುಂಬೆಯಲ್ಲಿ ಒಂದೇ ಮಳೆಗಾಲಕ್ಕೆ ಕಪ್ಪು ಚುಕ್ಕೆ ಹೊದ್ದುಕೊಳ್ಳಬಹುದು. ಊಟದ ಪದಾರ್ಥ ತಾಗುವ ಸಾಮಾನೇ, ಮಗು ಬಾಯಿಗೆ ಹಾಕುವ ಆಟಿಕೆಯೇ ಎಂಬುದು ಇನ್ನೊಂದು. ಕೊನೆಯದು ಖರ್ಚು. ಇಲ್ಲಿ ಡಬ್ಬಿಯ ಬೆಲೆಯನ್ನಷ್ಟೇ ನೋಡಬೇಡಿ. ಅಗ್ಗದ ಎಣ್ಣೆ ಮತ್ತೆ ಮತ್ತೆ ಹಚ್ಚಿಸಿಕೊಳ್ಳುತ್ತದೆ, ದುಬಾರಿಯವುಗಳಲ್ಲಿ ಕೆಲವು ಒಂದೆರಡು ಕೈಗೆ ಮುಗಿಯುತ್ತವೆ.

ಅಗಸೆ ಎಣ್ಣೆ: ಎಲ್ಲರಿಗೂ ಎಟಕುವುದು

ಉತ್ತರ ಕರ್ನಾಟಕದವರಿಗೆ ಅಗಸಿ ಅಂದರೆ ಚಟ್ನಿಪುಡಿ. ಮಿಕ್ಕವರಿಗೆ ಈ ಎಣ್ಣೆಯ ಪರಿಚಯ ಆಗಿರುವುದು ಬಹುಶಃ ಕ್ರಿಕೆಟ್ ಬ್ಯಾಟಿನಿಂದ. ಹೊಸ ಬ್ಯಾಟಿಗೆ ಹಚ್ಚು ಎಂದು ಸ್ಪೋರ್ಟ್ಸ್ ಅಂಗಡಿಯವರು ಕೊಡುವ ಪುಟ್ಟ ಶೀಶೆಯಲ್ಲಿರುವುದು ಇದೇ, ಹಸಿ ಅಗಸೆ ಎಣ್ಣೆ. ಬ್ಯಾಟಿಗೆ ಹಸಿಯದೇ ಬೇಕು, ಏಕೆಂದರೆ ಅಲ್ಲಿ ಮರ ಬಿರುಸಾಗಬಾರದು. ಮನೆಯ ಮರಗೆಲಸಕ್ಕೆ ಮಾತ್ರ ಹಸಿಯದು ತಾಳ್ಮೆ ಕೆಡಿಸುತ್ತದೆ. ಒಂದು ಕೈ ಒಣಗಲು ವಾರಗಳೇ ಬೇಕು. ಮಳೆಗಾಲದಲ್ಲಂತೂ ಲೆಕ್ಕವೇ ಇಲ್ಲ.

ಹಾಗಾಗಿ ಪೇಂಟ್ ಅಂಗಡಿಗಳಲ್ಲಿ ‘ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್’ ಎಂದು ಸಿಗುವುದನ್ನೇ ಹೆಚ್ಚಿನವರು ಕೊಳ್ಳುತ್ತಾರೆ. ಇದು ಬೇಗ ಒಣಗುವುದು ಬರೀ ಕುದಿಸಿದ್ದರಿಂದಲ್ಲ. ಒಣಗಿಸುವುದಕ್ಕೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ ಸೇರಿಸಿರುತ್ತಾರೆ. ಒಳ್ಳೆಯ ಹವೆಯಲ್ಲಿ ಒಂದೆರಡು ದಿನಕ್ಕೆ ಕೈಗೆ ಅಂಟದ ಹಾಗೆ ಆಗುತ್ತದೆ. ಆ ಲವಣಗಳ ಕಾರಣಕ್ಕೇ ಇದನ್ನು ಚಪಾತಿ ಮಣೆಗೂ ಮಗುವಿನ ಗಿಲಕಿಗೂ ಹಚ್ಚಬೇಡಿ ಎನ್ನುತ್ತೇನೆ.

ಇದರ ಗುಣಗಳಲ್ಲಿ ದೊಡ್ಡದು ಬೆಲೆ. ಲೀಟರಿಗೆ ಕೆಲವು ನೂರು ರೂಪಾಯಿ. ಒಂದು ಬಾಗಿಲಿನ ಎರಡೂ ಮುಖಕ್ಕೆ ಮೂರು ಕೈ ಹಚ್ಚಲು ಅರ್ಧದಿಂದ ಒಂದು ಲೀಟರು ಸಾಕು. ತೇಗ, ಹೊನ್ನೆ, ಮತ್ತಿಯಂಥ ಕಂದು ಮರಗಳಿಗೆ ಇದು ಕೊಡುವ ಬೆಚ್ಚನೆಯ ಬಣ್ಣ ಪಿಯುನಲ್ಲಿ ಬರುವುದಿಲ್ಲ. ಅವಗುಣ ಮೂರಿವೆ. ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಇನ್ನೂ ಜಾಸ್ತಿ. ಆದ್ದರಿಂದ ಬಿಳಿಚಾದ ರಬ್ಬರ್ ಮರ, ಮಾವಿನ ಮರಗಳ ಬಣ್ಣ ಹಾಗೇ ಉಳಿಯಲಿ ಎನ್ನುವವರಿಗೆ ಇದು ಬೇಡ. ಎರಡನೆಯದು, ನೀರನ್ನು ಅಷ್ಟಾಗಿ ತಡೆಯುವುದಿಲ್ಲ. ಲೋಟದ ಗುರುತು ಬೀಳುತ್ತದೆ. ಮೂರನೆಯದು ಬೂಸ್ಟು. ತೇವ ಸಿಕ್ಕಿದರೆ ಅಗಸೆ ಎಣ್ಣೆ ಶಿಲೀಂಧ್ರಕ್ಕೆ ಊಟವೇ, ಅದರಲ್ಲೂ ಗಾಣದಿಂದ ನೇರ ಬಂದ, ಲೋಳೆ ತೆಗೆಯದ ಎಣ್ಣೆ. ಹುಬ್ಬಳ್ಳಿಯ ಮನೆಯ ಒಳಗಿನ ಕಪಾಟಿಗೆ ಕಣ್ಣು ಮುಚ್ಚಿ ಹಚ್ಚಿ. ಕುಂದಾಪುರದ ಪಡಸಾಲೆಯ ಕಂಬಕ್ಕಾದರೆ ಯೋಚಿಸಿ.

‘ಅಡುಗೆಮನೆಯಲ್ಲಿ ಕುಸುಬೆ ಎಣ್ಣೆ ಇದೆ, ಅದೂ ಒಣಗುತ್ತದಲ್ಲ’ ಎಂದು ಕೇಳುವವರಿದ್ದಾರೆ. ಒಣಗುತ್ತದೆ. ಕುಸುಬೆ ಅಗಸೆಗಿಂತ ನಿಧಾನ, ಆದರೆ ಹಳದಿಯಾಗುವುದು ಕಡಿಮೆ. ಚಿತ್ರಕಾರರು ಬಿಳಿ ಬಣ್ಣಕ್ಕೆ ಅದನ್ನು ಕಲಸುವುದು ಅದಕ್ಕೇ. ಗುರೆಳ್ಳೆಣ್ಣೆಯೂ ಸುಮಾರಾಗಿ ಒಣಗುತ್ತದೆ. ಆದರೆ ತೊಂದರೆ ಬರುವುದು ಪ್ಯಾಕೆಟ್ ಎಣ್ಣೆಯಲ್ಲಿ. ಕೆಡಬಾರದೆಂದು ಕೆಲವು ರಿಫೈಂಡ್ ಎಣ್ಣೆಗಳಿಗೆ ಸೇರಿಸುವ ಆಂಟಿಆಕ್ಸಿಡೆಂಟ್ ಒಣಗುವುದನ್ನೂ ತಡೆಯುತ್ತದೆ. ಬಿಳಿ ಮರದ ಸಣ್ಣ ಸಾಮಾನಿದ್ದು, ಗಾಣದ ಕುಸುಬೆ ಎಣ್ಣೆ ಸಿಗುವ ಊರಿನವರಾದರೆ ಪ್ರಯೋಗ ಮಾಡಿ. ಉಳಿದವರು ಇದರ ಹಿಂದೆ ಹೋಗಬೇಕಿಲ್ಲ.

ಟಂಗ್ ಎಣ್ಣೆ

ಚೀನಾ ಮೂಲದ ಮರವೊಂದರ ಬೀಜದಿಂದ ತೆಗೆಯುವ ಎಣ್ಣೆ. ದೋಣಿಗೆ, ಕಾಗದದ ಕೊಡೆಗೆ ನೀರು ತಟ್ಟದಿರಲಿ ಎಂದು ಅಲ್ಲಿನವರು ಬಹಳ ಹಿಂದಿನಿಂದ ಬಳಸಿಕೊಂಡು ಬಂದದ್ದು. ಅದರ ಮುಖ್ಯ ಕೊಬ್ಬಿನಾಮ್ಲದ ರಚನೆಯೇ ಬೇರೆ. ಹಾಗಾಗಿ ಅಯೋಡಿನ್ ಅಂಕಿ ಅಗಸೆಗಿಂತ ಹೆಚ್ಚಿಲ್ಲದಿದ್ದರೂ ಇನ್ನೂ ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ನೀರನ್ನು ಅಗಸೆಗಿಂತ ಚೆನ್ನಾಗಿ ತಡೆಯುತ್ತದೆ, ಹಳದಿಯಾಗುವುದು ಕಡಿಮೆ, ಬೂಸ್ಟಿನ ಕಾಟವೂ ಕಡಿಮೆ. ಮಳೆ ಹೆಚ್ಚಿರುವ ಕಡೆಯವರಿಗೆ ಈ ಮೂರೂ ಬೇಕಾದವೇ.

ಬೆಲೆ ಅಗಸೆಯ ಹಲವು ಪಟ್ಟು, ಸಿಗುವುದು ಹೆಚ್ಚಾಗಿ ಆನ್‌ಲೈನಿನಲ್ಲಿ. ಹಚ್ಚುವ ಕೆಲಸವೂ ದೀರ್ಘ. ಮೊದಲ ಕೈಗಳಿಗೆ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿ, ಒಟ್ಟು ಐದಾರು ಕೈ ಹಚ್ಚಿ, ಪೂರ್ತಿ ಗಟ್ಟಿಯಾಗಲು ತಿಂಗಳು ಬಿಡಬೇಕು. ದಪ್ಪ ಹಚ್ಚಿ ಒರೆಸದೆ ಬಿಟ್ಟರೆ ಮೇಲ್ಮೈ ನೆರಿಗೆಗಟ್ಟಿ ಮಂಕಾಗುತ್ತದೆ. ಕೊಳ್ಳುವಾಗ ಡಬ್ಬಿಯ ಹಿಂದಿನ ಅಕ್ಷರ ಓದಿ: ‘ಟಂಗ್ ಆಯಿಲ್ ಫಿನಿಶ್’ ಎಂದು ಬರೆದದ್ದರಲ್ಲಿ ಟಂಗ್ ಎಣ್ಣೆಗಿಂತ ವಾರ್ನಿಶ್ ಮತ್ತು ಥಿನ್ನರ್ ಹೆಚ್ಚಿರಬಹುದು. ‘ಟೀಕ್ ಆಯಿಲ್’, ‘ಡ್ಯಾನಿಶ್ ಆಯಿಲ್’ಗಳೂ ಇದೇ ಜಾತಿ. ಅವು ಕೆಟ್ಟವಲ್ಲ, ಹಚ್ಚಲು ಸುಲಭವೂ ಹೌದು. ಆದರೆ ನೈಸರ್ಗಿಕವೆಂದು ನಂಬಿ ಹೆಚ್ಚು ದುಡ್ಡು ಕೊಡಬೇಡಿ.

ಹೊಸಿಲಿಗೆ ನನ್ನ ಆಯ್ಕೆ ಶುದ್ಧ ಟಂಗ್ ಎಣ್ಣೆಯೇ. ಕಾಲು ತುಳಿಯುವ, ದಿನಾ ನೀರು ಬೀಳುವ, ಅರಿಶಿನ ಕುಂಕುಮ ಹಚ್ಚುವ ಜಾಗ ಅದು. ಅಳತೆ ಚಿಕ್ಕದಾದ್ದರಿಂದ ಕಾಲು ಲೀಟರಿನ ಬಾಟಲಿ ಸಾಕು, ಬೆಲೆಯ ಹೊಡೆತ ತಟ್ಟುವುದಿಲ್ಲ. ಗೃಹಪ್ರವೇಶಕ್ಕೆ ತಿಂಗಳಿರುವಾಗಲೇ ಹಚ್ಚಿ ಮುಗಿಸಿ. ಎಣ್ಣೆ ಗಟ್ಟಿಯಾಗುವ ಮುಂಚೆ ಅರಿಶಿನ ಬಿದ್ದರೆ ಹಳದಿ ಒಳಗೆ ಇಳಿದುಬಿಡುತ್ತದೆ.

ಗೇರೆಣ್ಣೆ: ಕರಾವಳಿಯ ಹಳೆಯ ಮದ್ದು

ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪುಗಂದು ಎಣ್ಣೆ. ಮಂಗಳೂರು ಕಡೆಯ ಗೇರು ಕಾರ್ಖಾನೆಗಳಲ್ಲಿ ಬೀಜದ ಜೊತೆಗೆ ಸಿಗುವ ಉಪ ಉತ್ಪನ್ನ. ದೋಣಿಯ ತಳಕ್ಕೆ, ಹೆಂಚಿನ ಮನೆಯ ಪಕ್ಕಾಸು ರೀಪುಗಳಿಗೆ ಇದನ್ನು ಹಚ್ಚುವ ರೂಢಿ ಹಳೆಯದು. ಮೇಲಿನ ಎಣ್ಣೆಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದು ಕೊಬ್ಬಿನೆಣ್ಣೆಯಲ್ಲ, ಅನಕಾರ್ಡಿಕ್ ಆಮ್ಲ, ಕಾರ್ಡಾಲ್‌ನಂಥ ಫಿನಾಲ್ ಜಾತಿಯ ರಾಸಾಯನಿಕಗಳ ದ್ರವ. ಹುಳುಹುಪ್ಪಟೆಗೆ ಅದು ಹಿಡಿಸುವುದಿಲ್ಲ, ನೀರಿಗೂ ಜಗ್ಗುವುದಿಲ್ಲ. ಅಗಸೆ, ಟಂಗ್ ಎರಡೂ ಗೆದ್ದಲಿಗೆ ಏನೂ ಮಾಡುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೆದ್ದಲಿನ ಭಯವಿರುವ ಮರಕ್ಕೆ ಬೇರೆ ಉಪಚಾರ ಮಾಡಿಸಿದ ಮೇಲೆಯೇ ಚೆಂದದ ಎಣ್ಣೆಯ ಮಾತು.

ಆದರೆ ಇದು ಚರ್ಮ ಸುಡುತ್ತದೆ. ಗುಳ್ಳೆ ಏಳುತ್ತವೆ, ಗಾಯ ವಾರಗಟ್ಟಲೆ ಕಾಡುತ್ತದೆ. ಸಿಪ್ಪೆ ಬಿಡಿಸುವ ಹೆಂಗಸರು ಕೈಗೆ ಹರಳೆಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಂಡು ಕೂರುವುದು ಇದರ ದೆಸೆಯಿಂದಲೇ. ಗೇರು, ಮಾವು ಒಂದೇ ಕುಟುಂಬದವು, ಹಾಗಾಗಿ ಮಾವಿನ ಸೊನೆ ತಾಗಿದರೆ ತುಟಿ ಊದಿಕೊಳ್ಳುವವರು ಇದರ ಹತ್ತಿರವೂ ಹೋಗಬಾರದು. ಹಚ್ಚುವವರಿಗೆ ಉದ್ದ ಕೈಗವಸು, ಪೂರ್ತಿ ತೋಳಿನ ಅಂಗಿ, ಕನ್ನಡಕ ಬೇಕೇ ಬೇಕು. ಬಣ್ಣವೂ ಮರದ ಗೆರೆಯನ್ನೆಲ್ಲ ನುಂಗಿ ಕಪ್ಪಾಗುತ್ತದೆ, ಒಣಗಲು ಒಳ್ಳೆಯ ಬಿಸಿಲು ಬೇಕು. ಹಾಗಾಗಿ ಮಾಡಿನ ಮರ, ಕೊಟ್ಟಿಗೆ, ತೋಟದ ಶೆಡ್ಡು, ಬೇಲಿಯ ಗೂಟ ಇಂಥ ಕೈ ತಾಗದ ಕಡೆಗಳಿಗೆ ಬೆಲೆಯಲ್ಲೂ ಬಾಳಿಕೆಯಲ್ಲೂ ಇದಕ್ಕೆ ಸರಿಸಾಟಿ ಸಿಗುವುದು ಕಷ್ಟ. ಕೂರುವ, ಮುಟ್ಟುವ, ಮಕ್ಕಳು ಒರಗುವ ಯಾವುದಕ್ಕೂ ಬೇಡ.

ಹಾರ್ಡ್‌ವ್ಯಾಕ್ಸ್ ಆಯಿಲ್

ಸಸ್ಯದ ಎಣ್ಣೆಗೆ ಗಟ್ಟಿ ಮೇಣ ಸೇರಿಸಿ ಕಾರ್ಖಾನೆಯಲ್ಲಿ ತಯಾರಿಸಿದ್ದು. ಜರ್ಮನಿಯ ಓಸ್ಮೋ ಕಂಪನಿಯ ಡಬ್ಬಿಯಲ್ಲಿ ಸೂರ್ಯಕಾಂತಿ, ಸೋಯಾ ಎಣ್ಣೆಗಳ ಜೊತೆ ಕಾರ್ನೌಬಾ, ಕ್ಯಾಂಡೆಲಿಲಾ ಎಂಬ ಸಸ್ಯಮೇಣಗಳು ಇರುತ್ತವೆ. ಕಾರ್ನೌಬಾ ಕರಗಲು 80 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಜೇನುಮೇಣ 62–64ಕ್ಕೇ ಕರಗುತ್ತದೆ. ಬಿಸಿ ಕಾಫಿ ಲೋಟ ಇಡುವ ಮೇಜಿಗೆ ಈ ವ್ಯತ್ಯಾಸ ದೊಡ್ಡದು. ಎರಡು ತೆಳುವಾದ ಕೈ ಹಚ್ಚಿದರೆ ಸಾಕು, ಸಾಂಬಾರು ಚೆಲ್ಲಿದರೂ ಬೇಗ ಒರೆಸಿದರೆ ಕಲೆ ನಿಲ್ಲುವುದಿಲ್ಲ.

ಡಬ್ಬಿಯ ಬೆಲೆ ಸಾವಿರಗಳಲ್ಲಿ. ಆದರೆ ಒಂದು ಲೀಟರು ಬಹಳ ದೂರ ಬರುತ್ತದೆ. ಊಟದ ಮೇಜು, ಮರದ ನೆಲ, ಮೆಟ್ಟಿಲು ಈ ಮೂರಕ್ಕೆ ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಕಿಟಕಿ ಚೌಕಟ್ಟಿಗೆ ಇದು ದುಂದುವೆಚ್ಚ.

ಅಡುಗೆಮನೆಯ ಮರ

ಇಲ್ಲಿ ಅಜ್ಜಿ ಗೆದ್ದಳು. ಕಡಗೋಲು, ಸಟ್ಟುಗ, ಚಪಾತಿ ಮಣೆ, ಲಟ್ಟಣಿಗೆಗಳು ದಿನಾ ತೊಳೆಯುವ ಸಾಮಾನುಗಳು. ಯಾವ ಲೇಪವಾದರೂ ಅಲ್ಲಿ ಬಹಳ ದಿನ ನಿಲ್ಲುವುದಿಲ್ಲ. ತೆಂಗಿನೆಣ್ಣೆ ಎಂದಿಗೂ ಒಣಗದಿದ್ದರೂ ಮಿಕ್ಕ ಅಡುಗೆ ಎಣ್ಣೆಗಳ ಹಾಗೆ ಬೇಗ ಮುಗ್ಗಲು ವಾಸನೆ ಬರುವುದಿಲ್ಲ. ಆಮ್ಲಜನಕವನ್ನು ಸುಲಭವಾಗಿ ಹೀರದ ಗುಣವೇ ಅದನ್ನು ಗಟ್ಟಿಯಾಗದಂತೆ ತಡೆಯುವುದೂ, ಕೆಡದಂತೆ ಕಾಯುವುದೂ ಹೌದು. ಎರಡು ಮೂರು ವಾರಕ್ಕೊಮ್ಮೆ ಸವರಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒರೆಸಿ. ಇನ್ನೂ ಸ್ವಲ್ಪ ಬಾಳಿಕೆ ಬೇಕೆಂದರೆ ನಾಲ್ಕು ಪಾಲು ತೆಂಗಿನೆಣ್ಣೆಗೆ ಒಂದು ಪಾಲು ಜೇನುಮೇಣ ತೂಕ ಮಾಡಿ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಆರಿಸಿ ಡಬ್ಬಿಗೆ ತುಂಬಿಡಿ. ಮೇಣವನ್ನು ಜೇನು ಸಾಕುವವರ ಹತ್ತಿರವೇ ಕೊಳ್ಳಿ. ಮೆಡಿಕಲ್ ಸ್ಟೋರಿನ ಲಿಕ್ವಿಡ್ ಪ್ಯಾರಾಫಿನ್ ತರಕಾರಿ ಹೆಚ್ಚುವ ಮಣೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಡುವುದೂ ಇಲ್ಲ. ಆದರೆ ಅದು ಕಲ್ಲೆಣ್ಣೆಯ (ಪೆಟ್ರೋಲಿಯಂ) ಸಂತಾನ. ನೈಸರ್ಗಿಕವೇ ಬೇಕೆಂದು ಹಠವಿರುವವರಿಗೆ ಹೇಳಿರುತ್ತೇನೆ.

ಇದೇ ತೆಂಗಿನೆಣ್ಣೆಯನ್ನು ಬಾಗಿಲಿಗೋ ಕುರ್ಚಿಗೋ ಹಚ್ಚಿದರೆ ಮೊದಲ ವಾರ ಹೊಳೆಯುತ್ತದೆ, ಆಮೇಲೆ ದೂಳು ಹಿಡಿಯುತ್ತದೆ. ಹೊಂಗೆ ಎಣ್ಣೆಯದೂ ಅದೇ ಕಥೆ, ಮೇಲೆ ವಾಸನೆ ಬೇರೆ. ಒಮ್ಮೆ ಹೀಗೆ ಒಣಗದ ಎಣ್ಣೆ ಕುಡಿದ ಮರದ ಮೇಲೆ ಆಮೇಲೆ ಪಾಲಿಶ್ ಹಿಡಿಯುವುದೂ ಕಷ್ಟ.

ಬೀಟೆ ಇದ್ದವರಿಗೆ ಬೇರೆ ದಾರಿ

ಬೀಟೆಯ ಹಳೆಯ ಮಂಚ, ಪೆಟ್ಟಿಗೆ ಇರುವವರು ಎಣ್ಣೆ ಹಚ್ಚಿ ‘ಎಷ್ಟು ದಿನವಾದರೂ ಅಂಟು ಬಿಡುತ್ತಿಲ್ಲ’ ಎಂದು ಗೊಣಗುವುದಿದೆ. ಆ ಜಾತಿಯ ಮರದಲ್ಲೇ ಇರುವ ಕೆಲವು ಅಂಶಗಳು ಎಣ್ಣೆ ಆಮ್ಲಜನಕ ಹೀರುವುದನ್ನು ತಡೆಯುತ್ತವೆ. ಇಲ್ಲಿ ಅರಗು ಒಳ್ಳೆಯದು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು; ಅಲ್ಲಿ ಚರಕಿಯ ಮೇಲೆ ತಿರುಗುವ ಮರದ ತಿಕ್ಕಾಟದ ಬಿಸಿಗೆ ಕರಗಿಸಿ ಹಚ್ಚುತ್ತಾರೆ, ಪೀಠೋಪಕರಣಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಉಜ್ಜುತ್ತಾರೆ. ನೀರು ನಿಂತರೆ ಬಿಳಿ ಗುರುತು ಬೀಳುವುದು ಇದರ ದೌರ್ಬಲ್ಯ. ಮೇಲೊಂದು ಕೈ ಮೇಣ ಹಾಕಿಕೊಳ್ಳಿ. ತೇಗದಲ್ಲೂ ಎಣ್ಣೆಯಂಶ ಹೆಚ್ಚು, ಆದರೆ ಹಚ್ಚುವ ಮುಂಚೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿಕೊಂಡರೆ ಅಷ್ಟು ತೊಂದರೆಯಿಲ್ಲ.

ಬಿಸಿಲಿಗೆ ಮುಖ ಮಾಡಿದ ಬಾಗಿಲು

ಇದು ಹೆಚ್ಚು ಜನ ಸಿಕ್ಕಿಬೀಳುವ ಪ್ರಶ್ನೆ. ಮೇಲೆ ಹೇಳಿದ ಯಾವ ಎಣ್ಣೆಯೂ, ಬಣ್ಣ ಬೆರೆಸದಿದ್ದರೆ, ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವುದಿಲ್ಲ. ಪಡುವಣಕ್ಕೆ ತೆರೆದುಕೊಂಡ, ಮಳೆಯ ಇರಚಲೂ ಬೀಳುವ ಬಾಗಿಲು ಬೂದಿಬಣ್ಣಕ್ಕೆ ತಿರುಗುತ್ತದೆ, ಅಗಸೆ ಹಚ್ಚಿದ್ದರೆ ಕಪ್ಪಾಗುತ್ತದೆ. ನಿಮ್ಮ ಮುಂದೆ ಮೂರು ದಾರಿ. ವರ್ಷವರ್ಷವೂ ಮಳೆಗೆ ಮುಂಚೆ ತಿಕ್ಕಿ ಟಂಗ್ ಹಚ್ಚುವುದು. ಅಥವಾ ಬಾಯಿಲ್ಡ್ ಅಗಸೆ ಎಣ್ಣೆಗೆ ಕಾವಿಯನ್ನೋ, ನೆಲಕ್ಕೆ ಬಳಸುವ ರೆಡ್ ಆಕ್ಸೈಡ್ ಪುಡಿಯನ್ನೋ ಕಲಸಿ ಹಚ್ಚುವುದು. ಕಬ್ಬಿಣದ ಆಕ್ಸೈಡು ಕಿರಣವನ್ನು ತಡೆಯುತ್ತದೆ, ಖರ್ಚು ಕಡಿಮೆ. ಆದರೆ ಮರದ ಗೆರೆ ಮುಚ್ಚಿಹೋಗುತ್ತದೆ. ತೋಟದ ಗೇಟಿಗೆ, ಹಿತ್ತಲ ಬಾಗಿಲಿಗೆ ನಾನು ಇದನ್ನೇ ಹೇಳುತ್ತೇನೆ. ಮೂರನೆಯದು, ದುಬಾರಿ ತೇಗದ ಕೆತ್ತನೆಯ ಹೆಬ್ಬಾಗಿಲಾದರೆ ನೈಸರ್ಗಿಕದ ಹಠ ಬಿಟ್ಟು ಹೊರಾಂಗಣದ ಪಿಯು ಮಾಡಿಸುವುದು. ಮುಂದೆ ಆಳವಾದ ಜಗಲಿ, ಮೇಲೆ ಇಳಿಜಾರು ಮಾಡು ಇದ್ದರೆ ಮಾತ್ರ ಈ ತಲೆಬಿಸಿ ಇಲ್ಲ. ಹಳೆಯ ಮನೆಗಳ ಬಾಗಿಲು ಬರೀ ಎಣ್ಣೆಯಲ್ಲಿ ಬಾಳಿದ್ದಕ್ಕೆ ಆ ಮಾಡಿನ ಪಾಲೂ ದೊಡ್ಡದು.

ಹಚ್ಚುವಾಗ

ಯಾವ ಒಣಗುವ ಎಣ್ಣೆಯಾದರೂ ಕ್ರಮ ಒಂದೇ. 120, 180, 220ರ ಸ್ಯಾಂಡ್ ಪೇಪರಿನಲ್ಲಿ ಗೆರೆಯ ಉದ್ದಕ್ಕೆ ಉಜ್ಜಿ, ದೂಳು ಒರೆಸಿ, ಬಟ್ಟೆಯಿಂದ ಎಣ್ಣೆ ಹಚ್ಚಿ. ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ‘ಇನ್ನಷ್ಟು ಇರಲಿ’ ಎಂದು ಬಿಟ್ಟ ಎಣ್ಣೆಯೇ ಆಮೇಲೆ ಅಂಟಾಗುವುದು. ಹಾರ್ಡ್‌ವ್ಯಾಕ್ಸ್‌ಗೆ ಮಾತ್ರ ಅದರ ಡಬ್ಬಿಯ ಮೇಲಿನ ಸೂಚನೆ ನೋಡಿಕೊಳ್ಳಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಸೇರಿಕೊಂಡು ಬೆಂಕಿಕಡ್ಡಿಯಿಲ್ಲದೆಯೇ ಬಟ್ಟೆ ಹೊತ್ತಿಕೊಳ್ಳಬಲ್ಲದು. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅದು ಶುರುವಾದದ್ದು ಮರಗೆಲಸದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಯಿಂದ. ಬಟ್ಟೆಯನ್ನು ಹೊರಗೆ ಬಿಡಿಸಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ. ಟಂಗ್, ಕುಸುಬೆ, ಹಾರ್ಡ್‌ವ್ಯಾಕ್ಸ್ ಎಲ್ಲಕ್ಕೂ ಇದೇ ನಿಯಮ. ಪಾಲಿಶ್‌ನವರಿಂದ ಕೆಲಸ ಮಾಡಿಸಿದರೆ ಸಂಜೆ ಅವರು ಹೋಗುವ ಮುಂಚೆ ಬಟ್ಟೆ ಎಲ್ಲಿದೆ ಎಂದು ನೀವೇ ನೋಡಿ.

ಕಾಲವೂ ಮುಖ್ಯ. ದೀಪಾವಳಿ ಕಳೆದು ಹವೆ ಒಣಗಿದ ಮೇಲಿನಿಂದ ಯುಗಾದಿಯವರೆಗಿನ ದಿನಗಳು ಒಳ್ಳೆಯವು. ಜೂನ್‌ನಲ್ಲಿ ಗೃಹಪ್ರವೇಶ ಇಟ್ಟುಕೊಂಡವರು ಮೇ ಕೊನೆಗೆ ಎಣ್ಣೆ ಹಚ್ಚಲು ಹೊರಡುವುದಕ್ಕಿಂತ ಸದ್ಯಕ್ಕೆ ಅರಗಿನ ಒಂದು ಕೈ ಹಾಕಿಸಿ ಮಳೆಗಾಲ ದಾಟಿಸುವುದು ಮೇಲು. ಡಿಸೆಂಬರಿನಲ್ಲಿ ಅದನ್ನು ಉಜ್ಜಿ ತೆಗೆದು ಎಣ್ಣೆ ಹಚ್ಚಬಹುದು. ಎರಡು ಎಣ್ಣೆಗಳ ನಡುವೆ ಆಗಲೂ ಮನಸ್ಸು ಓಲಾಡುತ್ತಿದ್ದರೆ ಆಚಾರ್ರ ಹತ್ತಿರ ಅದೇ ಮರದ ಎರಡು ತುಂಡು ಕೇಳಿ ತನ್ನಿ. ಒಂದೊಂದಕ್ಕೆ ಒಂದೊಂದು ಎಣ್ಣೆ ಹಚ್ಚಿ ಒಣಗಿದ ಮೇಲೆ ಬಾಗಿಲು ಬರುವ ಜಾಗದಲ್ಲೇ ಬಿಸಿಲಿಗಿಟ್ಟು, ಅರ್ಧ ಭಾಗದ ಮೇಲೆ ಒದ್ದೆ ಲೋಟ ಇಡುತ್ತಾ ತಿಂಗಳು ನೋಡಿ. ಅಷ್ಟರಲ್ಲಿ ಯಾವ ಡಬ್ಬಿ ತರಬೇಕೆಂದು ನಿಮಗೇ ಗೊತ್ತಾಗಿರುತ್ತದೆ.